ಮೋಟಾರ್ ಸೈಕಲ್ಲಿನ ಎಣ್ಣೆ: ಸಿಂಥೆಟಿಕ್ ಬೇಕೇ, ಸಾದಾ ಸಾಕೇ?

ನಮ್ಮ ಬ್ಲಾಕಿನ ಹಳ್ಳಿಗಳಲ್ಲಿ ಮೋಟಾರ್ ಸೈಕಲ್ಲು ಇಂದು ಬೇಸಾಯದ ಒಂದು ಉಪಕರಣವೇ ಆಗಿಬಿಟ್ಟಿದೆ. ಬೆಳಗ್ಗೆ ಎದ್ದರೆ ಡೈರಿಗೆ ಹಾಲಿನ ಕ್ಯಾನು, ಅಲ್ಲಿಂದ ಗದ್ದೆಗೆ, ಗದ್ದೆಯಿಂದ ಮನೆಗೆ ಹಸಿ ಹುಲ್ಲಿನ ಹೊರೆ, ಹೊತ್ತೇರಿದ ಮೇಲೆ ಕೃಷ್ಣರಾಜಪೇಟೆಯಿಂದ ಗೊಬ್ಬರದ ಮೂಟೆ. ಎಲ್ಲಕ್ಕೂ ಅದೇ ಗಾಡಿ. ಎತ್ತಿಗೆ ಲಾಳ ಕಟ್ಟಿಸುವುದನ್ನೂ ನೇಗಿಲಿನ ಕುಳ ತಟ್ಟಿಸುವುದನ್ನೂ ಮರೆಯದ ರೈತರು ಈ ಗಾಡಿಯ ಎಂಜಿನ್ ಆಯಿಲ್ ವಿಚಾರಕ್ಕೆ ಬಂದಾಗ ಮಾತ್ರ ಅಂಗಡಿಯವರು ಕೊಟ್ಟದ್ದನ್ನೇ ಹಾಕಿಸಿಕೊಂಡು ಬರುತ್ತಾರೆ.

ಅಂಗಡಿಯಲ್ಲಿ ಈಗ ಮೂರು ಬಗೆಯ ಎಣ್ಣೆ ಇರುತ್ತದೆ: ಮಿನರಲ್, ಸೆಮಿ ಸಿಂಥೆಟಿಕ್, ಫುಲ್ಲಿ ಸಿಂಥೆಟಿಕ್. ಮೊದಲನೆಯದಕ್ಕೂ ಮೂರನೆಯದಕ್ಕೂ ಬೆಲೆಯಲ್ಲಿ ಒಂದಕ್ಕೆರಡರಷ್ಟು ಅಂತರವಿರುವುದುಂಟು. "ದುಬಾರಿ ಎಣ್ಣೆ ಹಾಕಿಸಿದರೆ ಎಂಜಿನ್ ಸಾಯುವುದೇ ಇಲ್ಲ" ಎನ್ನುವವರೊಬ್ಬರು, "ಅದೆಲ್ಲ ಪೇಟೆಯವರ ಶೋಕಿ" ಎನ್ನುವವರೊಬ್ಬರು. ಎರಡು ಮಾತೂ ಪೂರ್ತಿ ಸರಿಯಲ್ಲ. ಎಣ್ಣೆಯನ್ನು ಆರಿಸಬೇಕಾದದ್ದು ಬೆಲೆ ನೋಡಿ ಅಲ್ಲ, ಗಾಡಿ ಯಾವುದು, ಅದು ದಿನಕ್ಕೆ ಮಾಡುವ ಕೆಲಸ ಎಂಥದು ಎಂಬುದನ್ನು ನೋಡಿ. ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ತಿಳಿಯೋಣ.

ಕೀಲೆಣ್ಣೆಯಿಂದ ಸಿಂಥೆಟಿಕ್ ಎಣ್ಣೆಯವರೆಗೆ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದುದು ನಮ್ಮ ಹಿರಿಯರಿಗೆಲ್ಲ ಗೊತ್ತು. ಗಾಡಿಯ ಕೆಳಗೆ ಕೀಲೆಣ್ಣೆಯ ಕೊಳವೆ ತೂಗಾಡುತ್ತಿರುತ್ತಿತ್ತು. ಅದರಲ್ಲಿ ಮುಖ್ಯವಾಗಿ ಇರುತ್ತಿದ್ದುದು ಹರಳೆಣ್ಣೆ. ಹರಳೆಣ್ಣೆಗೆ ಒಂದು ದೊಡ್ಡ ಗುಣವುಂಟು: ಅದು ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಭಾರ ಬಿದ್ದರೂ ನಡುವಿನಿಂದ ಜಾರಿ ಹೋಗುವುದಿಲ್ಲ. ಈ ಗುಣಕ್ಕಾಗಿಯೇ ಮೊದಲ ಮಹಾಯುದ್ಧದ ಕಾಲದ ವಿಮಾನಗಳ ಎಂಜಿನುಗಳಿಗೂ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಇಂದು ಎಲ್ಲ ಅಂಗಡಿಯಲ್ಲೂ ಕಾಣುವ ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದು ಕೂಡ, 1909ರ ಸುಮಾರಿನಲ್ಲಿ, ಹರಳೆಣ್ಣೆಗೆ ಇಂಗ್ಲಿಷಿನಲ್ಲಿರುವ 'ಕ್ಯಾಸ್ಟರ್ ಆಯಿಲ್' ಎಂಬ ಮಾತಿನಿಂದಲೇ. ಆದರೆ ಹರಳೆಣ್ಣೆ ಹೆಚ್ಚು ಕಾವಿನಲ್ಲಿ ಬಹಳ ಹೊತ್ತು ಇದ್ದರೆ ಅಂಟಾಗುತ್ತದೆ, ಗೋಂದಿನಂತೆ ಗಟ್ಟಿಯಾಗಿ ಕೂಡುತ್ತದೆ. ನಿಧಾನವಾಗಿ ಸುತ್ತುವ ಗಾಡಿಯ ಅಚ್ಚಿಗೆ ಇದರಿಂದ ತೊಂದರೆ ಇಲ್ಲ. ಎಂಜಿನ್ನಿಗೆ ಅದು ಆಗದು.

ಆದ್ದರಿಂದ ಭೂಮಿಯಿಂದ ತೆಗೆದ ಕಚ್ಚಾ ತೈಲವನ್ನು ಶುದ್ಧಿ ಮಾಡಿ ಎಂಜಿನ್ ಎಣ್ಣೆ ತಯಾರಿಸುವುದು ರೂಢಿಗೆ ಬಂತು. ಇದೇ ಮಿನರಲ್ ಎಣ್ಣೆ. ಕಣದಲ್ಲಿ ತೂರಿದ ರಾಗಿಯಲ್ಲಿ ದಪ್ಪ ಕಾಳು, ಸಣ್ಣ ಕಾಳು, ಒಂದಿಷ್ಟು ಜೊಳ್ಳು ಎಲ್ಲ ಸೇರಿರುತ್ತವಲ್ಲ, ಹಾಗೆ ಮಿನರಲ್ ಎಣ್ಣೆಯಲ್ಲಿ ದೊಡ್ಡ ಅಣು, ಸಣ್ಣ ಅಣು, ಒಂದಿಷ್ಟು ಮೇಣ, ಒಂದಿಷ್ಟು ಗಂಧಕ ಉಳಿದಿರುತ್ತವೆ. ಸಣ್ಣ ಅಣುಗಳು ಕಾವಿಗೆ ಬೇಗ ಆವಿಯಾಗುತ್ತವೆ. ಮೇಣ ಚಳಿಗೆ ಬೇಗ ಗಟ್ಟಿಯಾಗುತ್ತದೆ.

ಸಿಂಥೆಟಿಕ್ ಎಂದರೆ ಈ ಅಣುಗಳನ್ನು ಕಾರ್ಖಾನೆಯಲ್ಲಿ ಬೇಕಾದ ಅಳತೆಗೆ ಕಟ್ಟಿ ಮಾಡಿದ ಎಣ್ಣೆ. ಒಂದೊಂದಾಗಿ ಆರಿಸಿಟ್ಟ ಬಿತ್ತನೆಯ ಬೀಜದಂತೆ ಅದರ ಕಣಗಳೆಲ್ಲ ಸುಮಾರಾಗಿ ಒಂದೇ ಸಮ. ಇದರಲ್ಲಿಯೂ ಬಗೆಗಳುಂಟು. ಅನಿಲದಿಂದ ಅಣುಗಳನ್ನು ಜೋಡಿಸಿ ಮಾಡಿದ ಪಿ.ಎ.ಒ. ಎಂಬುದು ಒಂದು. ಎಸ್ಟರ್ ಎಂಬುದು ಇನ್ನೊಂದು. ಈ ಎಸ್ಟರು ನಮಗೆ ಹೊಸ ನಂಟನೇನೂ ಅಲ್ಲ. ಹರಳೆಣ್ಣೆಯೂ ರಸಾಯನ ಶಾಸ್ತ್ರದ ಪ್ರಕಾರ ಎಸ್ಟರ್ ಜಾತಿಗೇ ಸೇರಿದ್ದು. ಕಬ್ಬಿಣಕ್ಕೆ ಅಂಟಿಕೊಳ್ಳುವ ಗುಣ ಎರಡಕ್ಕೂ ಇದೆ. ಮೂರನೆಯದು, ಕಚ್ಚಾ ತೈಲದಿಂದ ಬಂದ ಎಣ್ಣೆಯನ್ನೇ ಬಹಳ ಒತ್ತಡದಲ್ಲಿ ಜಲಜನಕದೊಡನೆ ಕಾಯಿಸಿ ಅಣುಗಳನ್ನು ಮುರಿದು ಮತ್ತೆ ಹೊಂದಿಸಿದ್ದು. ಇದಕ್ಕೆ ಮೂರನೆಯ ಗುಂಪಿನ ಎಣ್ಣೆ ಎಂದು ಹೆಸರು. ಇದನ್ನು ಸಿಂಥೆಟಿಕ್ ಎಂದು ಕರೆಯಬಹುದೇ ಎಂದು ಅಮೆರಿಕದ ಎರಡು ಎಣ್ಣೆ ಕಂಪನಿಗಳ ನಡುವೆ ವಾದ ನಡೆದು, ಕರೆಯಬಹುದು ಎಂದು 1999ರಲ್ಲಿ ಅಲ್ಲಿನ ಜಾಹೀರಾತು ಮಂಡಲಿ ತೀರ್ಮಾನ ಹೇಳಿತು. ಅಂದಿನಿಂದ ಮಾರುಕಟ್ಟೆಯ ಬಹುಪಾಲು ಸಿಂಥೆಟಿಕ್ ಎಣ್ಣೆ ಈ ಮೂರನೆಯ ಗುಂಪಿನದೇ. ಅದು ಕೆಟ್ಟದ್ದೆಂದು ಇದರ ಅರ್ಥವಲ್ಲ, ಚೆನ್ನಾಗಿಯೇ ಇದೆ. ಆದರೆ 'ಫುಲ್ಲಿ ಸಿಂಥೆಟಿಕ್' ಎಂಬ ಎರಡು ಮಾತು ನೋಡಿದ ಮಾತ್ರಕ್ಕೆ ಎಲ್ಲ ಡಬ್ಬದೊಳಗೂ ಒಂದೇ ಸರಕು ಇದೆಯೆಂದು ತಿಳಿಯಬಾರದು.

ಸೆಮಿ ಸಿಂಥೆಟಿಕ್ ಎಂದರೆ ಎರಡರ ಮಿಶ್ರಣ. ಎಷ್ಟಕ್ಕೆ ಎಷ್ಟು ಬೆರೆಸಿದ್ದಾರೆಂಬುದನ್ನು ಡಬ್ಬದ ಮೇಲೆ ಸಾಮಾನ್ಯವಾಗಿ ಬರೆದಿರುವುದಿಲ್ಲ.

ಎಂಜಿನ್ನಿನೊಳಗೆ ಎಣ್ಣೆಯ ದುಡಿಮೆ

100 ಸಿ.ಸಿ. ಗಾಡಿಯೊಂದರ ಪಿಸ್ಟನ್ನು ಒಂದು ಸಲ ಮೇಲೆ ಹೋಗಿ ಕೆಳಗೆ ಬಂದರೆ ಸುಮಾರು 100 ಮಿಲಿಮೀಟರು ಉಜ್ಜಿದಂತಾಯಿತು. ಎಂಜಿನ್ನು ನಿಮಿಷಕ್ಕೆ 5000 ಸುತ್ತು ತಿರುಗುತ್ತಿದೆ ಎನ್ನಿ. ಆಗ ಪಿಸ್ಟನ್ನು ನಿಮಿಷಕ್ಕೆ ಅರ್ಧ ಕಿಲೋಮೀಟರಿನಷ್ಟು ದೂರ ಸಿಲಿಂಡರಿನ ಗೋಡೆಯನ್ನು ಉಜ್ಜುತ್ತದೆ. ಈ ಉಜ್ಜಾಟದ ನಡುವೆ ನಿಂತು ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ಕಾಯುವುದು ಕೂದಲಿಗಿಂತ ತೆಳುವಾದ ಎಣ್ಣೆಯ ಪೊರೆ. ಪಿಸ್ಟನ್ನಿನ ಮೇಲಿನ ಉಂಗುರದ ಹತ್ತಿರ ಕಾವು 200 ಡಿಗ್ರಿಯನ್ನೂ ಮೀರುತ್ತದೆ. ನಮ್ಮ ಹಳ್ಳಿಗಳಲ್ಲಿರುವ ಹೆಚ್ಚಿನ ಗಾಡಿಗಳ ಎಂಜಿನ್ನನ್ನು ತಣಿಸಲು ಕಾರಿನಲ್ಲಿರುವಂತೆ ನೀರು ಇಲ್ಲ. ಗಾಳಿ ಮತ್ತು ಈ ಎಣ್ಣೆಯೇ ತಣಿಸಬೇಕು. ಇಷ್ಟೆಲ್ಲ ಕೆಲಸಕ್ಕೆ ಒಳಗೆ ಇರುವ ಎಣ್ಣೆ ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸು.

ಇಷ್ಟೇ ಅಲ್ಲ. ಕಾರಿನಲ್ಲಿ ಎಂಜಿನ್ನಿಗೊಂದು ಎಣ್ಣೆ, ಗೇರು ಪೆಟ್ಟಿಗೆಗೊಂದು ಎಣ್ಣೆ. ಮೋಟಾರ್ ಸೈಕಲ್ಲಿನಲ್ಲಿ ಎಂಜಿನ್ನು, ಗೇರು, ಕ್ಲಚ್ಚು ಮೂರಕ್ಕೂ ಒಂದೇ ಎಣ್ಣೆ. ಗೇರಿನ ಹಲ್ಲುಗಳು ಎಣ್ಣೆಯನ್ನು ರುಬ್ಬುಗುಂಡಿನಂತೆ ಅರೆಯುತ್ತಲೇ ಇರುತ್ತವೆ. ಕಾವಿನಲ್ಲಿ ತೀರ ತೆಳ್ಳಗಾಗದಿರಲೆಂದು ಎಣ್ಣೆಗೆ ಉದ್ದ ಎಳೆಯಂಥ ಒಂದು ಪದಾರ್ಥವನ್ನು ಬೆರೆಸಿರುತ್ತಾರೆ. ಗೇರಿನ ಹಲ್ಲು ಆ ಎಳೆಗಳನ್ನು ಕತ್ತರಿಸಿ ಹಾಕುತ್ತದೆ. ಆಗ 40 ಎಂದು ಬರೆದ ಎಣ್ಣೆ ಕ್ರಮೇಣ 30ರಂತೆ ತೆಳ್ಳಗಾಗುತ್ತದೆ. ಸಿಂಥೆಟಿಕ್ ಎಣ್ಣೆಯ ನಿಜವಾದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಅದರ ಅಣುಗಳೇ ಕಾವಿನಲ್ಲಿ ಹೆಚ್ಚು ತೆಳ್ಳಗಾಗದಂಥವು. ಆದ್ದರಿಂದ ಈ ಎಳೆಗಳು ಕಡಮೆ ಸಾಕು, ಕತ್ತರಿಸಿ ಹೋಗುವುದೂ ಕಡಮೆ. ಕಾವಿಗೆ ಹಳಸುವುದು ನಿಧಾನ, ಆವಿಯಾಗಿ ಕುಗ್ಗುವುದೂ ಕಡಮೆ. ಎಣ್ಣೆ ಹಳಸುವ ವೇಗ ಪ್ರತಿ 10 ಡಿಗ್ರಿ ಕಾವಿಗೂ ಸುಮಾರಾಗಿ ಇಮ್ಮಡಿಯಾಗುತ್ತದೆ ಎಂಬುದನ್ನು ನೆನೆದರೆ ಈ ಗುಣದ ಬೆಲೆ ತಿಳಿಯುತ್ತದೆ.

ಡಬ್ಬದ ಮೇಲಿನ ಅಂಕಿ

ಡಬ್ಬದ ಮೇಲೆ 10 ಡಬ್ಲ್ಯು 30, 20 ಡಬ್ಲ್ಯು 40, 15 ಡಬ್ಲ್ಯು 50 ಎಂದು ಅಚ್ಚಾಗಿರುತ್ತದೆ. ಡಬ್ಲ್ಯು ಎಂಬುದು ಚಳಿಗಾಲ ಎಂಬುದರ ಇಂಗ್ಲಿಷ್ ಮೊದಲಕ್ಷರ. ಅದರ ಹಿಂದಿನ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸರಾಗವಾಗಿ ಹರಿಯುತ್ತದೆಂಬುದನ್ನು ಹೇಳುತ್ತದೆ. ಅಂಕಿ ಚಿಕ್ಕದಾದಷ್ಟೂ ಹರಿವು ಸಲೀಸು. ಈ ಪರೀಕ್ಷೆಯನ್ನು 10 ಡಬ್ಲ್ಯು ಎಣ್ಣೆಗೆ ಸೊನ್ನೆಗಿಂತ 25 ಡಿಗ್ರಿ ಕೆಳಗೆ, 20 ಡಬ್ಲ್ಯು ಎಣ್ಣೆಗೆ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಮಾಡುತ್ತಾರೆ. ಅಂಥ ಚಳಿ ಹಿಮಾಲಯದಲ್ಲುಂಟು, ಹೊಸಹೊಳಲಿನಲ್ಲಿಲ್ಲ. ಪುಷ್ಯ ಮಾಸದ ಇಬ್ಬನಿಯಲ್ಲಿ ಕೂಡ ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಆದ್ದರಿಂದ "ಸಿಂಥೆಟಿಕ್ ಎಣ್ಣೆ ಹಿಮದಲ್ಲೂ ಹರಿಯುತ್ತದೆ" ಎಂಬ ಹೊಗಳಿಕೆಗೆ ನಾವು ಹೆಚ್ಚು ಹಣ ತೆರಬೇಕಾದ್ದಿಲ್ಲ. ಬೆಳಗಿನ ಮೊದಲ ಕಿಕ್ಕಿಗೆ ಎಣ್ಣೆ ಒಂದಿಷ್ಟು ಬೇಗ ಮೇಲೇರುತ್ತದೆ, ಅಷ್ಟೆ.

ಕೊನೆಯ ಅಂಕಿಯೇ ನಮಗೆ ಮುಖ್ಯ. 100 ಡಿಗ್ರಿ ಕಾವಿನಲ್ಲಿ ಎಣ್ಣೆ ಎಷ್ಟು ಮಂದವಾಗಿ ಉಳಿದಿರುತ್ತದೆಂಬುದನ್ನು ಅದು ತಿಳಿಸುತ್ತದೆ. ನಾವು ಕುಡಿಯುವ ತಣ್ಣೀರಿನ ಮಂದತೆ 1 ಎಂದಿಟ್ಟುಕೊಂಡರೆ, 30ರ ಎಣ್ಣೆ ಆ ಕಾವಿನಲ್ಲಿಯೂ 9.3ರಿಂದ 12.5, 40ರದು 12.5ರಿಂದ 16.3, 50ರದು 16.3ರಿಂದ 21.9 ಇರುತ್ತದೆ. ಹಾಗಾದರೆ ದಪ್ಪವಿದ್ದಷ್ಟೂ ಒಳ್ಳೆಯದಲ್ಲವೇ ಎಂದು ಕೆಲವರು ಕೇಳುವುದುಂಟು. ಅಲ್ಲ. 30ರ ಎಣ್ಣೆಗೆಂದು ಸಂದು ಬಿಟ್ಟು ಮಾಡಿದ ಎಂಜಿನ್ನಿಗೆ 50ರದನ್ನು ಹಾಕಿದರೆ ಎಣ್ಣೆ ಸಣ್ಣ ಸಂದುಗಳಿಗೆ ತಡವಾಗಿ ಹೋಗುತ್ತದೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. 50ರದು ಬೇಕಾದ ದೊಡ್ಡ ಗಾಡಿಗೆ 30ರದನ್ನು ಹಾಕಿದರೆ ಬೇಸಗೆಯಲ್ಲಿ ಪೊರೆ ಹರಿಯುತ್ತದೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಯಾವ ಅಂಕಿ ಇದೆಯೋ ಅದನ್ನೇ ತರತಕ್ಕದ್ದು. ಪುಸ್ತಕ ಕಳೆದಿದ್ದರೆ ಆ ಕಂಪನಿಯ ಷೋರೂಮಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿರಿ. ಕೆಲವು ಗಾಡಿಗಳ ಎಂಜಿನ್ನಿನ ಮೇಲೆ ಎಣ್ಣೆಯ ಪ್ರಮಾಣವನ್ನು ಎರಕದಲ್ಲೇ ಒತ್ತಿರುತ್ತಾರೆ.

ಸಿಂಥೆಟಿಕ್ಕೋ ಸಾದಾವೋ ಎಂಬ ಪ್ರಶ್ನೆ ಬರುವುದು ಅಂಕಿ ಸರಿಯಾದ ಮೇಲೆ. ಅಂಕಿ ತಪ್ಪಿದ ಸಿಂಥೆಟಿಕ್ಕಿಗಿಂತ ಅಂಕಿ ಸರಿಯಾದ ಸಾದಾ ಎಣ್ಣೆ ಮೇಲು.

ಕ್ಲಚ್ಚಿನ ಗುರುತು

ಡಬ್ಬದ ಹಿಂಭಾಗದಲ್ಲಿ ಒಂದು ಚಿಕ್ಕ ಚೌಕದೊಳಗೆ ಜಾಸೊ ಎಂದೂ ಅದರ ಜೊತೆಗೆ ಎಂ.ಎ., ಎಂ.ಎ.2 ಅಥವಾ ಎಂ.ಬಿ. ಎಂದೂ ಇರುತ್ತದೆ. ಇಡೀ ಡಬ್ಬದಲ್ಲಿ ಓದಲೇಬೇಕಾದ ಗುರುತು ಇದು. ಜಪಾನಿನವರು 1998ರಲ್ಲಿ ಮೋಟಾರ್ ಸೈಕಲ್ಲಿನ ಎಣ್ಣೆಗಾಗಿಯೇ ಮಾಡಿದ ಕಟ್ಟಳೆ ಇದು. ಕಾರಣ ಹೀಗಿದೆ. ಕಾರಿನ ಎಣ್ಣೆಯವರು ಪೆಟ್ರೋಲು ಉಳಿಸುವ ಸಲುವಾಗಿ ಎಣ್ಣೆಗೆ ಬಹಳ ಜಾರಿಕೆ ತರುವ ಪದಾರ್ಥಗಳನ್ನು ಬೆರೆಸಲಾರಂಭಿಸಿದರು. ಕಾರಿನ ಕ್ಲಚ್ಚು ಎಣ್ಣೆಯ ಹೊರಗೆ ಇರುವುದರಿಂದ ಅದಕ್ಕೆ ತೊಂದರೆ ಇಲ್ಲ. ನಮ್ಮ ಗಾಡಿಯ ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲೇ ಮುಳುಗಿ ಕೆಲಸ ಮಾಡುವಂಥವು. ಪ್ಲೇಟು ಪ್ಲೇಟನ್ನು ಬಿಗಿಯಾಗಿ ಕಚ್ಚಿ ಹಿಡಿದರೆ ತಾನೇ ಚಕ್ರ ತಿರುಗುವುದು? ಎಣ್ಣೆಯೇ ಜಾರಿಸಿದರೆ ಹಿಡಿತ ಎಲ್ಲಿಂದ ಬರಬೇಕು?

ಎಂ.ಎ. ಮತ್ತು ಎಂ.ಎ.2 ಎಂದರೆ ಹಿಡಿತ ಬಿಡದ ಎಣ್ಣೆ; ಎಂ.ಎ.2ರಲ್ಲಿ ಹಿಡಿತ ಇನ್ನೂ ಹೆಚ್ಚು. ಇವು ಗೇರು ಹಾಕುವ ಗಾಡಿಗಳಿಗೆ. ಎಂ.ಬಿ. ಎಂದರೆ ಜಾರಿಕೆ ಹೆಚ್ಚಿರುವ ಎಣ್ಣೆ, ಅದು ಗೇರಿಲ್ಲದ ಸ್ಕೂಟರುಗಳಿಗೆ. ಅವುಗಳ ಕ್ಲಚ್ಚು ಎಣ್ಣೆಯಿಂದ ಹೊರಗಿರುತ್ತದೆ. ಮನೆಯಲ್ಲಿ ಮಗಳ ಸ್ಕೂಟರೂ ಮಗನ ಗಾಡಿಯೂ ಎರಡೂ ಇದ್ದು, ಒಂದರಲ್ಲಿ ಉಳಿದ ಎಣ್ಣೆಯನ್ನು ಇನ್ನೊಂದಕ್ಕೆ ಸುರಿಯುವ ಮೊದಲು ಈ ಗುರುತನ್ನು ನೋಡಿರಿ.

ಟ್ರಾಕ್ಟರ್ ಇರುವ ಮನೆಗಳಲ್ಲಿ ಇನ್ನೊಂದು ರೂಢಿ ಉಂಟು. ದೊಡ್ಡ ಕ್ಯಾನಿನಲ್ಲಿ ಟ್ರಾಕ್ಟರಿನ ಎಣ್ಣೆ ಅಗ್ಗವಾಗಿ ಸಿಗುತ್ತದೆ, ಸರ್ವಿಸು ಆದ ಮೇಲೆ ಲೀಟರು ಎರಡು ಲೀಟರು ಮಿಕ್ಕಿರುತ್ತದೆ. "ಏನ್ ಸಾರ್, ಅಷ್ಟು ದೊಡ್ ಟ್ರಾಕ್ಟರೇ ಎಳೀತದೆ, ಈ ಬೈಕಿಗೆ ಆಗಕಿಲ್ವಾ?" ಎಂದು ಒಬ್ಬ ಹಿರಿಯರು ಕೇಳಿದರು. "ಅಜ್ಜ, ಎಮ್ಮೆಗೆ ಇಡೋ ಬೂಸಾನ ಕೋಳಿಗೆ ಹಾಕ್ತೀರಾ?" ಎಂದೆ. ನಕ್ಕರು, ಆದರೆ ನಗುವಿನಿಂದ ತೀರುವ ವಿಷಯವಲ್ಲ ಇದು. ಟ್ರಾಕ್ಟರಿನದು ಡೀಸೆಲ್ ಎಂಜಿನ್ನು. ನಿಮಿಷಕ್ಕೆ 2000 ಸುತ್ತಿನ ಆಸುಪಾಸಿನಲ್ಲಿ ದುಡಿಯುತ್ತದೆ, ಬಹಳ ಮಸಿ ಮಾಡುತ್ತದೆ. ಆ ಮಸಿಯನ್ನು ಹಿಡಿದಿಡಲು ತಕ್ಕ ಔಷಧಗಳನ್ನು ಅದರ ಎಣ್ಣೆಗೆ ಬೆರೆಸಿರುತ್ತಾರೆ. ಮೋಟಾರ್ ಸೈಕಲ್ಲು ಅದರ ಮೂರು ನಾಲ್ಕು ಪಟ್ಟು ವೇಗದಲ್ಲಿ ಸುತ್ತುವಂಥದು. ಕ್ಯಾನಿನ ಮೇಲೆ ಜಾಸೊ ಎಂ.ಎ. ಗುರುತು ಇಲ್ಲದಿದ್ದರೆ ಅದು ನಿಮ್ಮ ಕ್ಲಚ್ಚಿಗೆ ತಕ್ಕದ್ದೆಂದು ಯಾರೂ ಪರೀಕ್ಷೆ ಮಾಡಿಲ್ಲವೆಂದೇ ತಿಳಿಯಬೇಕು.

ಕ್ಲಚ್ಚು ಜಾರುತ್ತಿದೆಯೆಂದು ತಿಳಿಯುವುದು ಹೇಗೆ? ಮಟ್ಟ ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಇಬ್ಬರು ಕೂತು ಮೇಲುಕೋಟೆಯ ಬೆಟ್ಟ ಹತ್ತುವಾಗ ಅಥವಾ ಹಿಂದೆ ಮೂಟೆ ಹೇರಿಕೊಂಡು ಏರಿಯ ಮೇಲೆ ಬರುವಾಗ ಎಂಜಿನ್ನು ಭೋರ್ಗರೆಯುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಇದು ಬರಿಯ ಖರ್ಚಿನ ಮಾತಲ್ಲ. ಹಿಂದೆ ಕಬ್ಬಿನ ಲಾರಿ ಬರುತ್ತಿರುವಾಗ ಏರಿನಲ್ಲಿ ಗಾಡಿ ಕೈ ಕೊಟ್ಟರೆ ಪ್ರಾಣಕ್ಕೇ ಕುತ್ತು. ಎಣ್ಣೆ ಬದಲಿಸಿದ ಕೆಲವೇ ದಿನಗಳಲ್ಲಿ ಹೀಗಾದರೆ ಮೊದಲು ಎಣ್ಣೆಯನ್ನೇ ಸಂದೇಹಿಸಿರಿ. ಅದನ್ನು ಇಳಿಸಿ ಸರಿಯಾದದ್ದನ್ನು ತುಂಬಿದರೆ, ಪ್ಲೇಟು ಸುಟ್ಟಿಲ್ಲದಿದ್ದರೆ, ಒಂದೆರಡು ಬದಲಾವಣೆಯಲ್ಲಿ ಹಿಡಿತ ಮರಳುವುದುಂಟು. ಪ್ಲೇಟು ಸುಟ್ಟಿದ್ದರೆ ಬದಲಿಸದೆ ವಿಧಿಯಿಲ್ಲ.

ಹಳೆಯ ಗಾಡಿಗಳ ಮಾತು

ನಮ್ಮ ಭಾಗದಲ್ಲಿ ಜಾವಾ, ಯೆಜ್ಡಿ ಗಾಡಿಗಳನ್ನು ಈಗಲೂ ಜೋಪಾನ ಮಾಡಿಟ್ಟುಕೊಂಡವರಿದ್ದಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಪಕ್ಕದ ಊರಿನಲ್ಲೇ ತಯಾರಾದ ಗಾಡಿಯೆಂದು ಹಿರಿಯರಿಗೆ ಅದರ ಮೇಲೆ ಅಭಿಮಾನ. ಅವು ಎರಡು ಸ್ಟ್ರೋಕಿನವು. ಎಂಜಿನ್ನಿನ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು, ಅದು ಪೆಟ್ರೋಲಿನ ಜೊತೆಗೇ ಉರಿದು ಹೋಗುತ್ತದೆ. ಗೇರು ಪೆಟ್ಟಿಗೆಯ ಎಣ್ಣೆ ಬೇರೆ. ಇವುಗಳಿಗೆ ಟೂ-ಟಿ ಎಂದು ಬರೆದ ಎಣ್ಣೆಯೇ ಆಗಬೇಕು. ನಾಲ್ಕು ಸ್ಟ್ರೋಕಿನ ಎಣ್ಣೆ ಎಷ್ಟೇ ದುಬಾರಿಯ ಸಿಂಥೆಟಿಕ್ ಆಗಿರಲಿ, ಪೆಟ್ರೋಲಿಗೆ ಬೆರೆಸಕೂಡದು. ಅದರಲ್ಲಿರುವ ಪದಾರ್ಥಗಳು ಉರಿದಾಗ ಬೂದಿ ಉಳಿದು ಪ್ಲಗ್ಗು ಕಟ್ಟುತ್ತದೆ. ನಮ್ಮ ರೈತರ ಮೆಚ್ಚಿನ ಟಿ.ವಿ.ಎಸ್. ಎಕ್ಸೆಲ್ಲಿನ ವಿಚಾರದಲ್ಲೂ ಜಾಗ್ರತೆ ಬೇಕು. ಹಳೆಯ ಎಕ್ಸೆಲ್ ಎರಡು ಸ್ಟ್ರೋಕಿನದು, 2015ರಲ್ಲಿ ಬಂದ ಎಕ್ಸೆಲ್ 100 ನಾಲ್ಕು ಸ್ಟ್ರೋಕಿನದು. ಹಳೆಯದನ್ನು ಮಾರಿ ಹೊಸದನ್ನು ತಂದವರು ರೂಢಿಯ ಕೈಯಲ್ಲಿ ಟ್ಯಾಂಕಿಗೆ ಎಣ್ಣೆ ಬಿಡಬಾರದು.

ಯಾರಿಗೆ ಸಿಂಥೆಟಿಕ್, ಯಾರಿಗೆ ಬೇಡ?

ದಿನವೂ ಮೈಸೂರಿಗೋ ಮಂಡ್ಯಕ್ಕೋ ಹೋಗಿ ಬರುವವರು, ತರಕಾರಿ ಹೇರಿಕೊಂಡು ಸಂತೆಯಿಂದ ಸಂತೆಗೆ ತಿರುಗುವವರು, ಬೇಸಗೆಯ ನಡು ಮಧ್ಯಾಹ್ನ ಭಾರ ಹೊತ್ತು ಗಂಟೆಗಟ್ಟಲೆ ಓಡಿಸುವವರು: ಇವರಿಗೆ ಸಿಂಥೆಟಿಕ್ ಅಥವಾ ಸೆಮಿ ಸಿಂಥೆಟಿಕ್ ಕೊಟ್ಟ ಹಣಕ್ಕೆ ಕೆಲಸ ಮಾಡುತ್ತದೆ. ಎಂಜಿನ್ನು ಬಹಳ ಹೊತ್ತು ಬಿಸಿಯಾಗಿ ಇರುವುದರಿಂದ ಅದರ ಗುಣ ಬಳಕೆಗೆ ಬರುತ್ತದೆ. 200 ಸಿ.ಸಿ.ಗೆ ಮೇಲ್ಪಟ್ಟ ಹಲವು ಗಾಡಿಗಳಿಗೆ ಕಂಪನಿಯವರೇ ಸೆಮಿ ಅಥವಾ ಫುಲ್ ಸಿಂಥೆಟಿಕ್ ಎಂದು ಹೇಳಿರುತ್ತಾರೆ; ಅಲ್ಲಿ ಅಗ್ಗದ್ದಕ್ಕೆ ಇಳಿಯಬಾರದು.

ಆದರೆ ನಮ್ಮಲ್ಲಿ ಹೆಚ್ಚಿನವರ ಗಾಡಿಯ ಓಡಾಟ ಹೀಗಿಲ್ಲ. ಮನೆಯಿಂದ ಡೈರಿಗೆ ಅರ್ಧ ಕಿಲೋಮೀಟರು, ಗದ್ದೆಗೆ ಒಂದು ಕಿಲೋಮೀಟರು, ಹೊಸಹೊಳಲಿನಿಂದ ಪೇಟೆಗೆ ಎರಡು ಮೂರು ಕಿಲೋಮೀಟರು. ಎಂಜಿನ್ನು ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಗಾಡಿ ನಿಂತಿರುತ್ತದೆ. ಪೆಟ್ರೋಲು ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಎಂಜಿನ್ನು ಕಾದರೆ ಅದು ಹೊರಗೆ ಹೋಗುತ್ತದೆ, ಕಾಯದಿದ್ದರೆ ಒಳಗೇ ಹನಿಯಾಗಿ ಎಣ್ಣೆಗೆ ಸೇರುತ್ತದೆ. ಉರಿಯದ ಪೆಟ್ರೋಲೂ ಒಂದಿಷ್ಟು ಇಳಿಯುತ್ತದೆ. ಎಣ್ಣೆ ತುಂಬುವ ಮುಚ್ಚಳ ತೆಗೆದು ನೋಡಿದಾಗ ಅದರ ಒಳಗೆ ಮಜ್ಜಿಗೆಯ ನೊರೆಯಂಥ ಬಿಳಿ ಪದಾರ್ಥ ಅಂಟಿಕೊಂಡಿದ್ದರೆ ಇದೇ ಕಾರಣ. ಈ ಕೊಳೆ ಸೇರುವುದನ್ನು ಯಾವ ಸಿಂಥೆಟಿಕ್ಕೂ ತಡೆಯಲಾರದು. ಇಂಥ ಗಾಡಿಗೆ ಬೇಕಾದದ್ದು ದುಬಾರಿ ಎಣ್ಣೆಯಲ್ಲ, ಕಾಲಕ್ಕೆ ಸರಿಯಾಗಿ ಬದಲಾದ ಎಣ್ಣೆ. ಕಿಲೋಮೀಟರು ತುಂಬಲಿ ಎಂದು ಕಾಯದೆ ತಿಂಗಳ ಲೆಕ್ಕದಲ್ಲಿ ಬದಲಿಸಬೇಕು. ವಾರಕ್ಕೊಂದು ಸಲ ಅರ್ಧ ಗಂಟೆ ಗಾಡಿಯನ್ನು ದೂರ ಓಡಿಸಿಕೊಂಡು ಬಂದರೂ ಆ ನೀರು ಎಷ್ಟೋ ಆರುತ್ತದೆ.

ಇನ್ನೊಂದು ವಿಚಾರವನ್ನು ಅಂಗಡಿಯವರು ಹೇಳುವುದಿಲ್ಲ. ಅನೇಕ 100 ಸಿ.ಸಿ. ಎಂಜಿನುಗಳಲ್ಲಿ ಕಾಗದದ ಆಯಿಲ್ ಫಿಲ್ಟರು ಇರುವುದಿಲ್ಲ. ಒಂದು ತಂತಿ ಜಾಲರಿ, ಜೊತೆಗೆ ತಿರುಗುವ ರಭಸಕ್ಕೆ ಕೊಳೆಯನ್ನು ಪಕ್ಕಕ್ಕೆ ಎಸೆಯುವ ಒಂದು ಬಟ್ಟಲು, ಅಷ್ಟೆ. ನಯವಾದ ಲೋಹದ ಪುಡಿ ಒಂದಿಷ್ಟು ಎಣ್ಣೆಯಲ್ಲೇ ತಿರುಗುತ್ತಿರುತ್ತದೆ. ಸಿಂಥೆಟಿಕ್ ಹಳಸದೆ ಬಹಳ ದಿನ ಬಾಳುತ್ತದೆ ನಿಜ. ಆದರೆ ಎಣ್ಣೆ ಬಾಳಿದರೂ ಅದರಲ್ಲಿರುವ ಪುಡಿ ಎಲ್ಲಿಗೆ ಹೋದೀತು? ಆದ್ದರಿಂದ "ಸಿಂಥೆಟಿಕ್ ಹಾಕಿಸಿದ್ದೇನೆ, 10,000 ಕಿಲೋಮೀಟರು ಮುಟ್ಟುವುದಿಲ್ಲ" ಎನ್ನುವುದು ತಪ್ಪು. ಪುಸ್ತಕದಲ್ಲಿ ಹೇಳಿದ ಗಡುವನ್ನು ಎಣ್ಣೆ ಯಾವುದೇ ಇರಲಿ ಮೀರಬಾರದು.

ಲೆಕ್ಕವನ್ನೇ ಹಾಕಿ ನೋಡೋಣ. ಬೆಲೆಗಳು ಕೇವಲ ಉದಾಹರಣೆಗೆ; ನಿಮ್ಮ ಊರಿನ ಬೆಲೆಯನ್ನು ಹಾಕಿಕೊಳ್ಳಿರಿ. ಸಾದಾ ಎಣ್ಣೆ 400 ರೂಪಾಯಿ, ಸಿಂಥೆಟಿಕ್ 800 ರೂಪಾಯಿ ಎನ್ನೋಣ. ದಿನಕ್ಕೆ 25 ಕಿಲೋಮೀಟರು ಓಡುವ ಗಾಡಿ ವರ್ಷಕ್ಕೆ ಸುಮಾರು 9000 ಓಡುತ್ತದೆ. ಸಾದಾ ಎಣ್ಣೆಯನ್ನು 3000ಕ್ಕೊಮ್ಮೆ ಬದಲಿಸಿದರೆ ವರ್ಷಕ್ಕೆ 1200 ರೂಪಾಯಿ. ಸಿಂಥೆಟಿಕ್ಕನ್ನು 6000ಕ್ಕೊಮ್ಮೆ ಬದಲಿಸಬಹುದೆಂದು ಪುಸ್ತಕವೇ ಹೇಳಿದ್ದರೆ ಅದಕ್ಕೂ ವರ್ಷಕ್ಕೆ 1200. ಅಲ್ಲಿಗೆ ಖರ್ಚು ಸಮ, ಎಂಜಿನ್ನಿಗೆ ರಕ್ಷಣೆ ಹೆಚ್ಚು, ಹಾಕಿಸಬಹುದು. ಇನ್ನು ದಿನಕ್ಕೆ 8 ಕಿಲೋಮೀಟರು ಮಾತ್ರ ಓಡುವ ಗಾಡಿ ವರ್ಷಕ್ಕೆ 3000ವನ್ನೂ ಮುಟ್ಟುವುದಿಲ್ಲ. ಆರು ತಿಂಗಳಿಗೊಮ್ಮೆ ಬದಲಿಸಿದರೆ ಸಾದಾ ಎಣ್ಣೆಗೆ 800, ಸಿಂಥೆಟಿಕ್ಕಿಗೆ 1600. ಆ ಹೆಚ್ಚಿನ 800 ರೂಪಾಯಿಗೆ ಸಿಗುವ ಲಾಭ ಕಾಣದಷ್ಟು ಸಣ್ಣದು. ಅದೇ ಹಣದಲ್ಲಿ ಏರ್ ಫಿಲ್ಟರು ಹಾಕಿಸಿರಿ ಎನ್ನುತ್ತೇನೆ ನಾನು. ಟ್ರಾಕ್ಟರು ಓಡಾಡುವ ಮಣ್ಣು ರಸ್ತೆಯ ದೂಳಿನಲ್ಲಿ ಮರಳಿನ ಸಣ್ಣ ಕಣಗಳಿರುತ್ತವೆ. ಹರಿದ ಏರ್ ಫಿಲ್ಟರಿನಿಂದ ಅವು ಒಳಗೆ ಹೋದರೆ ಸಿಲಿಂಡರನ್ನು ಅರದಂತೆ ಉಜ್ಜುತ್ತವೆ, ಒಳಗಿರುವುದು ಎಷ್ಟು ಒಳ್ಳೆಯ ಎಣ್ಣೆಯಾದರೂ ಸರಿಯೆ.

ಹೊಸ ಗಾಡಿಗೆ ಮೊದಲ ಸರ್ವಿಸಿನಲ್ಲಿ ಎಣ್ಣೆಯನ್ನು ತಪ್ಪದೆ ಬದಲಿಸಬೇಕು. ಹೊಸ ಭಾಗಗಳು ಪಳಗುವಾಗ ಉದುರಿದ ಪುಡಿಯೆಲ್ಲ ಅದರಲ್ಲಿರುತ್ತದೆ.

ಕೆಲವು ಸಂದೇಹಗಳು

ಒಮ್ಮೆ ಸಿಂಥೆಟಿಕ್ ಹಾಕಿದರೆ ಮತ್ತೆ ಸಾದಾಕ್ಕೆ ಬರುವಂತಿಲ್ಲ ಎಂಬುದು ಸುಳ್ಳು. ಎರಡೂ ಬೆರೆಯುತ್ತವೆ, ಒಡೆಯುವುದಿಲ್ಲ. ದಾರಿಯಲ್ಲಿ ಎಣ್ಣೆ ಕಡಮೆಯಾದರೆ ಅದೇ ಅಂಕಿಯ, ಎಂ.ಎ. ಗುರುತಿನ ಯಾವ ಎಣ್ಣೆಯನ್ನಾದರೂ ತುಂಬಿಕೊಂಡು ಊರು ಸೇರಬಹುದು. ಕಡಮೆ ಎಣ್ಣೆಯಲ್ಲಿ ಓಡಿಸುವುದಕ್ಕಿಂತ ಅದು ಸಾವಿರ ಪಾಲು ಲೇಸು.

ಹಳೆಯ ಗಾಡಿಗೆ ಸಿಂಥೆಟಿಕ್ ಹಾಕಿದರೆ ಸೋರುತ್ತದೆ ಎಂಬ ಮಾತಿನಲ್ಲಿ ಸ್ವಲ್ಪ ನಿಜವಿದೆ. ಎಣ್ಣೆ ಸೀಲನ್ನು ತಿನ್ನುವುದಿಲ್ಲ. ಆದರೆ ಸವೆದ ಸೀಲಿನ ಸಂದನ್ನು ಹಳೆಯ ಜಿಡ್ಡು ಮುಚ್ಚಿಕೊಂಡಿದ್ದರೆ, ಹೊಸ ಎಣ್ಣೆ ಆ ಜಿಡ್ಡನ್ನು ತೊಳೆದಾಗ ಸೋರಿಕೆ ಹೊರಗೆ ಕಾಣುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಿಡುವ, ಎಣ್ಣೆ ಕುಡಿಯುವ ಎಂಜಿನ್ನಿಗೆ ದುಬಾರಿ ಎಣ್ಣೆ ಹಾಕುವುದು ಒಡೆದ ಕಾಲುವೆಗೆ ನೀರು ಬಿಟ್ಟಂತೆ. ಮೊದಲು ರಿಪೇರಿಯಾಗಲಿ.

ಎಣ್ಣೆ ಕಪ್ಪಾದರೆ ಕೆಟ್ಟಿತೆಂದು ಹಲವರು ತಿಳಿಯುತ್ತಾರೆ. ಕಪ್ಪಾಗುವುದು ಅದು ಮಸಿಯನ್ನು ತನ್ನಲ್ಲಿ ಎಳೆದುಕೊಂಡು ಎಂಜಿನ್ನನ್ನು ಚೊಕ್ಕಟ ಮಾಡುತ್ತಿದೆಯೆಂಬುದರ ಗುರುತು. ಬಣ್ಣ ನೋಡಿ ತೀರ್ಮಾನ ಮಾಡುವುದು ಬೇಡ.

ಕೊಳ್ಳುವಾಗ, ಬದಲಿಸುವಾಗ

ಬಿಡಿಯಾಗಿ ಅಳೆದು ಕೊಡುವ ಎಣ್ಣೆಯನ್ನು ಕೊಳ್ಳಬೇಡಿರಿ. ಡಬ್ಬದ ಸೀಲು, ಮುಚ್ಚಳದ ಉಂಗುರ, ತಯಾರಾದ ತಿಂಗಳು, ಬ್ಯಾಚು ನಂಬರು ನೋಡಿರಿ. ರಸೀದಿ ಕೇಳಿ ಪಡೆಯಿರಿ. ಒಳ್ಳೆಯ ಕಂಪನಿಯ ಖಾಲಿ ಡಬ್ಬಗಳನ್ನು ಕೊಂಡು ಅದರಲ್ಲಿ ಸೋಸಿದ ಹಳೆಯ ಎಣ್ಣೆ ತುಂಬಿ ಮಾರುವ ಮೋಸ ನಮ್ಮ ದೇಶದಲ್ಲಿ ಹಲವು ಕಡೆ ಸಿಕ್ಕಿಬಿದ್ದಿದೆ. ದುಬಾರಿ ಸಿಂಥೆಟಿಕ್ಕಿನ ಡಬ್ಬಕ್ಕೇ ಇಂಥವರ ಕಣ್ಣು ಹೆಚ್ಚು. ಆದ್ದರಿಂದ ಎಣ್ಣೆ ತುಂಬಿಸಿದ ಮೇಲೆ ಖಾಲಿ ಡಬ್ಬಕ್ಕೆ ನಿಮ್ಮ ಕೈಯಿಂದಲೇ ಮೊಳೆ ಹೊಡೆದು ತೂತು ಮಾಡಿ ಬನ್ನಿರಿ. ಸೀಲು ಒಡೆಯುವುದು ನಿಮ್ಮ ಎದುರಿಗೇ ಆಗಲಿ.

ಬದಲಿಸುವ ಮೊದಲು ಎಂಜಿನ್ನನ್ನು ಐದು ನಿಮಿಷ ಓಡಿಸಿ ಬೆಚ್ಚಗೆ ಮಾಡಬೇಕು. ಬೆಚ್ಚಗಿನ ಎಣ್ಣೆಯ ಜೊತೆ ಕೊಳೆಯೂ ಇಳಿಯುತ್ತದೆ. ಗಾಡಿಯನ್ನು ಮಟ್ಟ ಜಾಗದಲ್ಲಿ ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅಡಿಯ ಬೋಲ್ಟು ಬಿಚ್ಚಿ, ಪೂರ್ತಿ ಇಳಿಯುವವರೆಗೆ ಕಾಯಿರಿ. ಬೋಲ್ಟಿನ ವಾಷರು ಚಪ್ಪಟೆಯಾಗಿದ್ದರೆ ಹೊಸದು ಹಾಕಬೇಕು. ಬೋಲ್ಟನ್ನು ಅತಿಯಾಗಿ ಬಿಗಿದರೆ ಅಲ್ಯೂಮಿನಿಯಂ ಮರೆ ಕಿತ್ತುಹೋಗುತ್ತದೆ. ಪುಸ್ತಕದಲ್ಲಿ ಹೇಳಿದಷ್ಟನ್ನೇ ತುಂಬಿ, ಎರಡು ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಮತ್ತೆ ಎರಡು ಮೂರು ನಿಮಿಷ ಬಿಟ್ಟು ಅಳತೆಯ ಕಡ್ಡಿಯಲ್ಲಿ ನೋಡಿರಿ. ಕಡ್ಡಿಯನ್ನು ತಿರುಗಿಸಿ ಬಿಗಿದು ನೋಡಬೇಕೇ ಅಥವಾ ಸುಮ್ಮನೆ ಇಟ್ಟು ನೋಡಬೇಕೇ ಎಂಬುದು ಗಾಡಿಯಿಂದ ಗಾಡಿಗೆ ಬೇರೆ, ಪುಸ್ತಕ ನೋಡಿಕೊಳ್ಳಿ. ಎಣ್ಣೆ ಮೇಲಿನ ಗೆರೆಯನ್ನು ದಾಟಿದರೂ ಕೇಡು. ನೊರೆಯೇಳುತ್ತದೆ, ಸೀಲಿನ ಮೇಲೆ ಒತ್ತಡ ಬೀಳುತ್ತದೆ. ಹದಿನೈದು ದಿನಕ್ಕೊಮ್ಮೆ ಈ ಕಡ್ಡಿಯನ್ನು ನೋಡುವ ರೂಢಿ ಇಟ್ಟುಕೊಳ್ಳಿರಿ. ಎಣ್ಣೆ ತಳ ಕಂಡದ್ದು ತಿಳಿಯದೆ ಓಡಿಸಿ ಪಿಸ್ಟನ್ನು ಕಚ್ಚಿಕೊಂಡರೆ ಎಣ್ಣೆ ಯಾವ ಜಾತಿಯದೆಂಬ ಚರ್ಚೆಗೆ ಅರ್ಥವೇ ಉಳಿಯುವುದಿಲ್ಲ. ಬದಲಿಸಿದ ತಾರೀಖು ಮತ್ತು ಕಿಲೋಮೀಟರನ್ನು ಒಂದು ಚೀಟಿಯಲ್ಲಿ ಬರೆದು ಸೀಟಿನ ಕೆಳಗೆ ಅಂಟಿಸಿರಿ. ಡೈರಿಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದರೂ ಸರಿ.

ಇಳಿಸಿದ ಹಳೆಯ ಎಣ್ಣೆಯನ್ನು ಕಾಲುವೆಗೆ, ಕೆರೆಯ ಏರಿಗೆ, ತಿಪ್ಪೆಗೆ ಚೆಲ್ಲಕೂಡದು. ಹೇಮಾವತಿಯ ನಾಲೆಗೆ ಬಿದ್ದ ಎಣ್ಣೆ ತೆಳುವಾಗಿ ಹರಡಿಕೊಂಡು ಕೆಳಗಿನವರ ಗದ್ದೆಗೇ ಹೋಗುತ್ತದೆ. ದನದ ಗಾಯಕ್ಕೆ, ನಾಯಿಯ ಕಜ್ಜಿಗೆ ಇದನ್ನು ಬಳಿಯುವ ಪದ್ಧತಿಯನ್ನೂ ಬಿಡಬೇಕು. ಸುಟ್ಟ ಎಣ್ಣೆಯಲ್ಲಿ ಚರ್ಮದ ಮೂಲಕ ಒಳಗಿಳಿಯುವ, ಕ್ಯಾನ್ಸರಿಗೆ ಕಾರಣವಾಗುವ ಪದಾರ್ಥಗಳಿರುತ್ತವೆ. ದನ ಗಾಯವನ್ನು ನೆಕ್ಕುತ್ತದೆ ಎಂಬುದನ್ನೂ ನೆನೆಯಿರಿ. ಕೈಗೆ ತಗುಲಿದರೆ ಸೋಪಿನಿಂದ ತೊಳೆಯಬೇಕು. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಪೇಟೆಗೆ ಹೋದಾಗ ಹಳೆಯ ಎಣ್ಣೆಯನ್ನು ಪೀಪಾಯಿಗಟ್ಟಲೆ ಸಂಗ್ರಹಿಸುವ ಸರ್ವಿಸ್ ಸ್ಟೇಷನ್ನಿಗೆ ಕೊಟ್ಟು ಬನ್ನಿರಿ.